53 ನಿಮಿಷಕ್ಕೊಂದು ಬೀಗ

ಚಳ್ಳಕೆರೆಯಲ್ಲಿ ಬಸ್ಸು ಹತ್ತಿದರೆ ಪರಶುರಾಂಪುರ ಸೇರಲು ಹೆಚ್ಚುಕಡಿಮೆ ಒಂದು ಗಂಟೆ ಬೇಕು. 2020ರಲ್ಲಿ ಅಷ್ಟು ಹೊತ್ತು ಕಳೆಯುವುದರೊಳಗೆ ಭಾರತ ಸರ್ಕಾರ ಇಂಟರ್ನೆಟ್ಟಿನ ಒಂದು ಬಾಗಿಲಿಗೆ ಬೀಗ ಹಾಕಿರುತ್ತಿತ್ತು. ಮುಂದಿನ ಬಸ್ಸು ಬರುವ ಹೊತ್ತಿಗೆ ಇನ್ನೊಂದಕ್ಕೆ. ಹಗಲು, ರಾತ್ರಿ, ಭಾನುವಾರ, ಯುಗಾದಿ, ದೀಪಾವಳಿ ಯಾವುದನ್ನೂ ಬಿಡದೆ ಲೆಕ್ಕ ಹಾಕಿದರೂ ಸರಾಸರಿ 53 ನಿಮಿಷಕ್ಕೊಂದು ಬೀಗ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 69ಎ ಅಡಿ ಆ ವರ್ಷ ತಡೆಹಿಡಿದ ಜಾಲತಾಣ, ಪುಟ, ಖಾತೆಗಳು ಒಟ್ಟು 9,849 ಎಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಭಾಗಾಕಾರವಷ್ಟೇ ನನ್ನದು.

ಇದೇ ಲೆಕ್ಕ 2014ರಲ್ಲಿ 471 ಇತ್ತು. ಅಂದರೆ ಹದಿನೆಂಟೂವರೆ ಗಂಟೆಗೊಂದು. 2018ರಲ್ಲಿ 2,799 ಆಯಿತು. ಆರೇ ವರ್ಷದಲ್ಲಿ ಇಪ್ಪತ್ತು ಪಟ್ಟು ಮೀರಿ ಬೆಳೆದ ಸರ್ಕಾರಿ ಕೆಲಸ ಇನ್ನಾವುದಾದರೂ ಇದೆಯೇ ಎಂದು ಹುಡುಕಿದೆ. ಆಸ್ಪತ್ರೆಯ ಹಾಸಿಗೆಗಳಾಗಲಿ ಶಾಲೆಯ ಕೊಠಡಿಗಳಾಗಲಿ ಆ ವೇಗದಲ್ಲಿ ಬೆಳೆದದ್ದನ್ನು ನಮ್ಮ ಸೀಮೆಯವರು ಯಾರೂ ಕಂಡಿಲ್ಲ. ನಂತರದ ವರ್ಷಗಳಲ್ಲಿ ಸಂಖ್ಯೆ ತಗ್ಗಿತು, ಆದರೂ ಆರು ಸಾವಿರದ ಮೇಲೆಯೇ ನಿಂತಿತು.

ಈ ಎಲ್ಲ ಅಂಕಿಗಳ ನಡುವೆ ನನ್ನನ್ನು ಹೆಚ್ಚು ಕಂಗೆಡಿಸುವುದು ಬೇರೆಯೇ ಒಂದು ಸಂಗತಿ. ನಮಗೆ ಸಂಖ್ಯೆ ಕೊಡುತ್ತಾರೆ, ಪಟ್ಟಿ ಕೊಡುವುದಿಲ್ಲ. 9,849ರಲ್ಲಿ ಯಾವುದು ಭಯೋತ್ಪಾದಕರ ಪುಟ, ಯಾವುದು ವಂಚಕರ ಜಾಲತಾಣ, ಯಾವುದು ಯಾರೋ ಪತ್ರಕರ್ತ ಬರೆದ ವರದಿ ಎಂದು ತಿಳಿಯುವ ದಾರಿ ಸಾಮಾನ್ಯನಿಗಿಲ್ಲ. ತಡೆ ಆದೇಶದ ಕಾರ್ಯವಿಧಾನಕ್ಕೆಂದು 2009ರಲ್ಲಿ ಮಾಡಿದ ನಿಯಮಗಳಲ್ಲಿ ಹದಿನಾರನೆಯದು, ದೂರು ಮತ್ತು ಅದರ ಮೇಲಿನ ಕ್ರಮ ಎರಡನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ ಈ ನಿಯಮವನ್ನೇ ತೋರಿಸಿ ವಾಪಸು ಕಳಿಸುವುದು ವಾಡಿಕೆ.

ಅದೇ ನಿಯಮಾವಳಿಯಲ್ಲಿ ಒಂದು ಮರುಪರಿಶೀಲನಾ ಸಮಿತಿಯೂ ಇದೆ. ಸಂಪುಟ ಕಾರ್ಯದರ್ಶಿಯಂಥ ಅತಿ ಹಿರಿಯ ಅಧಿಕಾರಿಗಳ ಸಮಿತಿ, ಎರಡು ತಿಂಗಳಿಗೊಮ್ಮೆಯಾದರೂ ಸೇರಬೇಕು, ಹೊರಟ ಆದೇಶಗಳು ಕಾನೂನಿನ ಪ್ರಕಾರ ಇವೆಯೇ ಎಂದು ನೋಡಬೇಕು. ವರ್ಷಕ್ಕೆ ಆರು ಸಭೆ ಎಂದುಕೊಳ್ಳಿ. 2020ರ ಲೆಕ್ಕದಲ್ಲಿ ಒಂದು ಸಭೆಯ ಪಾಲಿಗೆ 1,641 ಬರುತ್ತದೆ. ಊಟಕ್ಕೂ ಏಳದೆ ಎಂಟು ಗಂಟೆ ಕೂತರೂ ಒಂದೊಂದಕ್ಕೆ ಸಿಗುವ ಸಮಯ ಹದಿನೇಳೂವರೆ ಸೆಕೆಂಡು. ಒಬ್ಬ ಮನುಷ್ಯನ ಮಾತನ್ನು ನೂರು ಕೋಟಿ ಜನರ ಕಿವಿಗೆ ಬೀಳದಂತೆ ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಹದಿನೇಳೂವರೆ ಸೆಕೆಂಡು. ನೂರು ಕೋಟಿ ಎಂದದ್ದು ಚಂದಾದಾರಿಕೆಗಳ ಲೆಕ್ಕದಲ್ಲಿ, ದೇಶದ ಇಂಟರ್ನೆಟ್ ಚಂದಾದಾರಿಕೆಗಳ ಸಂಖ್ಯೆ 2025ರ ಜೂನ್ ಹೊತ್ತಿಗೆ ಆ ಗಡಿ ದಾಟಿದೆ.

ಈ ಕಾನೂನು ನ್ಯಾಯಾಲಯದ ಪರೀಕ್ಷೆಗೆ ಒಳಗಾಗಿಲ್ಲವೆಂದಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ಕಾಯ್ದೆಯ 66ಎ ಸೆಕ್ಷನ್ನನ್ನು ರದ್ದು ಮಾಡಿತು, 69ಎಯನ್ನು ಉಳಿಸಿತು. ಉಳಿಸಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಮುಖ್ಯವಾದದ್ದು: ತಡೆಯುವ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಹಾಗೆ ದಾಖಲಾದದ್ದನ್ನು ನೊಂದವರು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಒಳ್ಳೆಯ ಮಾತು. ಆದರೆ ನೋಡಲು ಸಿಗದ ಕಾಗದವನ್ನು ಪ್ರಶ್ನಿಸುವುದು ಹೇಗೆ? ಪತ್ರಕರ್ತ ತನುಲ್ ಠಾಕೂರ್ ವರದಕ್ಷಿಣೆಯನ್ನು ಲೇವಡಿ ಮಾಡಲು 2011ರಲ್ಲಿ ಒಂದು ಜಾಲತಾಣ ಮಾಡಿದ್ದರು. ವರನ ಓದು, ಸಂಬಳ ತುಂಬಿದರೆ ಅವನ ‘ಬೆಲೆ’ ತೋರಿಸುವಂಥದ್ದು. 2018ರಲ್ಲಿ ಅದಕ್ಕೆ ತಡೆ ಬಿತ್ತು. ಆ ಆದೇಶದ ಒಂದು ಪ್ರತಿ ಅವರಿಗೆ ಕೊಡಿ, ಅವರ ಮಾತು ಕೇಳಿ ಎಂದು ದೆಹಲಿ ಹೈಕೋರ್ಟು ಹೇಳುವಷ್ಟರಲ್ಲಿ 2022 ಬಂದಿತ್ತು. ವಕೀಲರನ್ನು ಹಿಡಿದು ದೆಹಲಿಯಲ್ಲಿ ಹೋರಾಡಬಲ್ಲವರಿಗೇ ಇಷ್ಟು ವರ್ಷ. ಪರಶುರಾಂಪುರದಲ್ಲಿ ಕೂತು ಶೇಂಗಾ ಬೆಲೆಯ ಬಗ್ಗೆಯೋ ಬರಗಾಲದ ಪರಿಹಾರದ ಬಗ್ಗೆಯೋ ವಿಡಿಯೊ ಮಾಡುವ ಹುಡುಗನ ಚಾನೆಲ್ ಹೀಗೆ ಮಾಯವಾದರೆ ಅವನು ಹೋಗಬೇಕಾದ ದೂರ ಎಷ್ಟು?

ದೊಡ್ಡ ಕಂಪನಿಗಳ ಕತೆಯೇನು ಹಗುರವಲ್ಲ, ಅದರ ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನ ಹೈಕೋರ್ಟಿನಲ್ಲೇ. 2021ರ ಫೆಬ್ರುವರಿಯಿಂದ 2022ರ ಫೆಬ್ರುವರಿವರೆಗೆ ಕೇಂದ್ರ ಸರ್ಕಾರ ಟ್ವಿಟರ್‌ಗೆ ಕಳಿಸಿದ ಹತ್ತು ಆದೇಶಗಳಲ್ಲಿ 1,474 ಖಾತೆ, 175 ಟ್ವೀಟ್, 256 ಲಿಂಕ್ ಮತ್ತು ಒಂದು ಹ್ಯಾಷ್‌ಟ್ಯಾಗ್ ಇದ್ದವು. ಕಂಪನಿ ಅವುಗಳಲ್ಲಿ 39ನ್ನು ಮಾತ್ರ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ವಿದೇಶಿ ಕಂಪನಿಗೆ ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ದಕ್ಕುವುದಿಲ್ಲ, ಅದು ನಾಗರಿಕರಿಗೆ ಮಾತ್ರ ಎಂಬುದು ತೀರ್ಪಿನ ಒಂದು ಎಳೆ. ಅದೇ ಕಂಪನಿ, ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಮೇಲೆ, ಕಂಪನಿಗಳಿಗೆ ತೆಗೆದುಹಾಕುವ ಸೂಚನೆ ಕಳಿಸಲು ಬಳಸುವ ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್ ವಿರುದ್ಧ ಮತ್ತೆ ಬಂತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಅರ್ಜಿಯನ್ನೂ ವಜಾ ಮಾಡಿದರು.

ಎರಡೂ ತೀರ್ಪುಗಳನ್ನು ಗೋಪ್ಯತೆಯ ನಿಯಮದ ಪಕ್ಕ ಇಟ್ಟು ನೋಡಿ. ಆದೇಶದ ಪ್ರತಿ ಸಿಗುವುದು ಕಂಪನಿಗೆ, ಅದಕ್ಕೆ ವಾಕ್ ಸ್ವಾತಂತ್ರ್ಯದ ಹಕ್ಕಿಲ್ಲ. ಹಕ್ಕಿರುವುದು ನಾಗರಿಕನಿಗೆ, ಅವನಿಗೆ ಆದೇಶದ ಪ್ರತಿ ಸಿಗುವುದಿಲ್ಲ. ನೂರಾರು ಆದೇಶ, ಸಾವಿರಾರು ಖಾತೆ, ಆದರೆ ಪ್ರಶ್ನಿಸಲು ಯೋಗ್ಯತೆಯೂ ಕಾಗದವೂ ಎರಡೂ ಒಬ್ಬನ ಕೈಯಲ್ಲೇ ಇರುವ ಪ್ರಸಂಗ ತೀರಾ ಅಪರೂಪ. ಇದು ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಎಂದು ನಾನು ನಂಬಿದ್ದೇನೆ.

256 ಲಿಂಕ್ ಎಂದೆನಲ್ಲ, ಆ ಅಂಕಿ ಓದಿದಾಗ ನನಗೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ನೆನಪಾಯಿತು. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೆ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಲೋಕಕ್ಕೆ ತೋರಿಸಿಕೊಟ್ಟರು. ಆ ಬರಹದಲ್ಲಿ 256 ಎಂಬ ಸಂಖ್ಯೆಯೇ ಕೊರೆದಿದೆ, ರಾಜನ ಪ್ರವಾಸದ ರಾತ್ರಿಗಳ ಲೆಕ್ಕ ಎಂದು ವಿದ್ವಾಂಸರು ಹೇಳುತ್ತಾರೆ. ಸಂಖ್ಯೆ ಹೊಂದಿದ್ದು ಕಾಕತಾಳೀಯ. ಆದರೆ ಆ ಬಂಡೆ ಒಂದು ಸರ್ಕಾರಿ ಸುತ್ತೋಲೆ ಎಂಬುದು ಕಾಕತಾಳೀಯವಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಕಳಿಸಿದವರು ಯಾರು, ಯಾರಿಗೆ, ಆದೇಶ ಏನು ಎಂಬುದೆಲ್ಲ ಬಯಲಿನಲ್ಲಿದೆ. ಕೊರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿದ್ದಾನೆ. ಗಡಿಯಾಚೆಯ ಜನರಿಗೂ ಇದು ತಿಳಿಯಲಿ ಎಂಬ ಆಶಯ ಅದರಲ್ಲೇ ಇದೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ, ಕಾಗದವೂ ಇಲ್ಲದ ಕಾಲದಲ್ಲಿ, ಪ್ರಜೆಗಳಿಗೆ ಸಂಬಂಧಿಸಿದ ಆದೇಶ ಪ್ರಜೆಗಳ ಕಣ್ಣೆದುರು ಇರಬೇಕು ಎಂದು ಚಕ್ರವರ್ತಿಯೊಬ್ಬನಿಗೆ ತೋಚಿತ್ತು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಜನ ಈ ಬಂಡೆಗಳ ನೆರೆಯವರು. ಗೋಪ್ಯ ಆದೇಶ ಸಹಜ ಎಂದು ಒಪ್ಪಿಕೊಳ್ಳಲು ನಮಗಾದರೂ ಮನಸ್ಸು ಬರಬಾರದು.

ಕಾಣದ ಆದೇಶ ಏನು ಮಾಡುತ್ತದೆ ಎಂಬುದು ಚಳ್ಳಕೆರೆಯವರಿಗೆ ನೆಲದ ಮೇಲೂ ಗೊತ್ತಿದೆ. 2007ರಿಂದ 2010ರ ನಡುವೆ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ, ಅಲ್ಲಿ ದನ ಕುರಿ ಮೇಯಿಸುತ್ತಿದ್ದ ಎಷ್ಟೋ ಹಳ್ಳಿಗಳಿಗೆ ಸುದ್ದಿ ಮುಟ್ಟಿದ್ದು ಗೋಡೆ ಏಳತೊಡಗಿದ ಮೇಲೆ. ಗೋಡೆಯಾದರೂ ಕಣ್ಣಿಗೆ ಕಾಣುತ್ತದೆ. ಇಂಟರ್ನೆಟ್ಟಿನ ತಡೆಯಲ್ಲಿ ಅಷ್ಟೂ ಇಲ್ಲ. ಪುಟ ತೆರೆಯದಿದ್ದರೆ ಪರಶುರಾಂಪುರದಲ್ಲಿ ಯಾರೂ ಸರ್ಕಾರವನ್ನು ನೆನೆಯುವುದಿಲ್ಲ, ಟವರ್ ಸಿಗುತ್ತಿಲ್ಲ ಎಂದು ಫೋನನ್ನು ಜೇಬಿಗೆ ಹಾಕುತ್ತಾರೆ. ನೆಟ್‌ವರ್ಕ್ ದುರ್ಬಲವಾಗಿರುವ ಊರಿನಲ್ಲಿ ತಡೆ ಸುಲಭವಾಗಿ ಅಡಗಿಕೊಳ್ಳುತ್ತದೆ.

ತಡೆ ನಡೆಯುವ ರೀತಿ ಹೀಗೆ. ನೀವು ಒಂದು ವಿಳಾಸ ಒತ್ತಿದಾಗ ಅದು ಮೊದಲು ನಿಮ್ಮ ಸಿಮ್ ಕಂಪನಿಯ ಯಂತ್ರವನ್ನು ಮುಟ್ಟುತ್ತದೆ. ಆ ಹೆಸರಿನ ಜಾಲತಾಣ ಎಲ್ಲಿದೆ ಎಂದು ಹೇಳಬೇಕಾದ ಯಂತ್ರ ಸುಳ್ಳು ಉತ್ತರ ಕೊಡಬಹುದು. ಇಲ್ಲವೇ ನಡುದಾರಿಯಲ್ಲಿ ಇನ್ನೊಂದು ಯಂತ್ರ ನೀವು ಕೇಳುತ್ತಿರುವ ಹೆಸರನ್ನು ಇಣುಕಿ ನೋಡಿ ಸಂಪರ್ಕವನ್ನು ಕತ್ತರಿಸಬಹುದು. ಒಂದೊಂದು ಕಂಪನಿಯದು ಒಂದೊಂದು ವಿಧಾನ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ ಸಂಸ್ಥೆಯ ಸಂಶೋಧಕರು ಆರು ಇಂಟರ್ನೆಟ್ ಕಂಪನಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಲ್ಲ ಒಂದು ಕಂಪನಿ ತಡೆದಿದ್ದ ಜಾಲತಾಣಗಳು 4,033 ಸಿಕ್ಕವು. ಆರೂ ಕಂಪನಿ ತಡೆದಿದ್ದವು 1,115 ಮಾತ್ರ, ನೂರಕ್ಕೆ 28ರಷ್ಟೂ ಇಲ್ಲ. ದೇಶ ಒಂದು, ಕಾನೂನು ಒಂದು, ಆದರೆ ಸಂತೆಯಲ್ಲಿ ಪಕ್ಕಪಕ್ಕ ನಿಂತ ಇಬ್ಬರಲ್ಲಿ ಒಬ್ಬನಿಗೆ ತೆರೆದುಕೊಂಡ ಪುಟ ಇನ್ನೊಬ್ಬನಿಗೆ ಮುಚ್ಚಿರುತ್ತದೆ. ಉಳಿದ ನೂರಕ್ಕೆ 72 ಪಾಲು ಜಾಲತಾಣಗಳ ವಿಷಯದಲ್ಲಿ ಯಾರೋ ಮಾಡಬೇಕಾದ್ದನ್ನು ಮಾಡಿಲ್ಲ, ಇಲ್ಲವೇ ಯಾರೋ ಮಾಡಬಾರದ್ದನ್ನು ಮಾಡಿದ್ದಾರೆ. ಪಟ್ಟಿ ಬಯಲಾಗದೆ ಯಾವುದು ಎಂದು ಹೇಳಲಾಗದು.

ಗುರಿ ತಪ್ಪಿದ ಉದಾಹರಣೆಗಳಿಗೆ ಬರವಿಲ್ಲ. 2003ರಲ್ಲಿ ಮೇಘಾಲಯದ ಒಂದು ಪುಟ್ಟ ಯಾಹೂ ಗುಂಪನ್ನು ಮುಚ್ಚಲು ಹೇಳಿದರು, ಅದರ ಸದಸ್ಯರು ಇಪ್ಪತ್ತೈದರಷ್ಟು. ಅದೊಂದನ್ನೇ ಬೇರ್ಪಡಿಸಲು ಬಾರದೆ ಕಂಪನಿಗಳು ಯಾಹೂ ಗುಂಪುಗಳನ್ನೆಲ್ಲ ಮುಚ್ಚಿದವು. 2006ರಲ್ಲಿ ಮುಂಬೈ ರೈಲು ಸ್ಫೋಟಗಳ ನಂತರ ಹದಿನೇಳರಷ್ಟು ತಾಣಗಳನ್ನು ತಡೆಯಲು ಹೋಗಿ ಬ್ಲಾಗ್‌ಸ್ಪಾಟ್ ಪೂರ್ತಿ ಬಂದ್ ಆಯಿತು. 2014ರ ಡಿಸೆಂಬರ್‌ನಲ್ಲಿ 32 ತಾಣಗಳ ಪಟ್ಟಿಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರು ದಿನವೂ ಕೆಲಸಕ್ಕೆ ಬಳಸುವ ಗಿಟ್‌ಹಬ್ ಸೇರಿತ್ತು. 2022ರಲ್ಲಿ, ಕಂಪ್ಯೂಟರಿನಲ್ಲಿ ಸಿನಿಮಾ ನೋಡುವ ಪ್ರತಿಯೊಬ್ಬರಿಗೂ ಗೊತ್ತಿರುವ ವಿಎಲ್‌ಸಿ ಪ್ಲೇಯರಿನ ಜಾಲತಾಣ ತಿಂಗಳುಗಟ್ಟಲೆ ಮುಚ್ಚಿತ್ತು. ಆ ಪ್ಲೇಯರನ್ನು ರೂಪಿಸಿದವರಿಗೇ ಕಾರಣ ತಿಳಿಸಿರಲಿಲ್ಲ.

ನಮ್ಮ ರಾಜ್ಯಕ್ಕೆ ನೇರವಾಗಿ ತಟ್ಟಿದ್ದು 2012ರ ಆಗಸ್ಟ್. ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ ಹರಡಿ, ಬೆಂಗಳೂರಿನಿಂದ ಮೂವತ್ತು ಸಾವಿರದಷ್ಟು ಜನ ಕೆಲವೇ ದಿನಗಳಲ್ಲಿ ರೈಲು ಹತ್ತಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಅವರ ಭಯ ನಿಜ, ಸರ್ಕಾರ ಕೈಕಟ್ಟಿ ಕೂರಬಾರದಿತ್ತು ಎಂಬುದೂ ನಿಜ. ಕೇಂದ್ರ ಸರ್ಕಾರ ಮಾಡಿದ್ದೇನು? ತೊಂಬತ್ತು ಕೋಟಿ ಮೊಬೈಲ್ ಸಂಪರ್ಕಗಳ ದೇಶದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಐದೇ ಎಸ್‌ಎಂಎಸ್ ಎಂದು ಹದಿನೈದು ದಿನಗಳ ಮಿತಿ ಹಾಕಿತು. ಜೊತೆಗೆ ಆಗಸ್ಟ್ 18ರಿಂದ 21ರೊಳಗೆ 309 ಪುಟ, ಖಾತೆ, ಚಿತ್ರಗಳಿಗೆ ತಡೆ ಹಾಕಿತು. ಆ ಪಟ್ಟಿ ಹೊರಬಿತ್ತು. ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯ ಪ್ರಾಣೇಶ್ ಪ್ರಕಾಶ್ ಅದನ್ನು ಒಂದೊಂದಾಗಿ ನೋಡಿದಾಗ, ವದಂತಿ ಸುಳ್ಳು ಎಂದು ತೋರಿಸಿಕೊಟ್ಟ ಬರಹಗಳೂ ತಡೆಯಲ್ಲಿ ಸಿಕ್ಕಿಬಿದ್ದಿದ್ದವು. ಬೆಂಕಿ ಆರಿಸಲು ಬಂದವರ ಕೈಯನ್ನೂ ಕಟ್ಟಿಹಾಕಿದ್ದರು. ಪಟ್ಟಿ ಹೊರಬೀಳದಿದ್ದರೆ 309 ಎಂಬ ಅಂಕಿ ಮಾತ್ರ ಉಳಿಯುತ್ತಿತ್ತು, ಎಲ್ಲವೂ ದ್ವೇಷದ ಪುಟಗಳೇ ಎಂದು ನಾವು ನಂಬಿರುತ್ತಿದ್ದೆವು.

ಕನ್ನಡದ ಮಟ್ಟಿಗೆ ದೊಡ್ಡ ಸಂಖ್ಯೆಯ ಒಂದು ಆದೇಶ ಬಂದದ್ದು ನ್ಯಾಯಾಲಯದಿಂದ, ಸರ್ಕಾರದಿಂದಲ್ಲ. 2025ರ ಜುಲೈನಲ್ಲಿ, ಶವಗಳನ್ನು ಹೂತ ಆರೋಪದ ಧರ್ಮಸ್ಥಳ ಪ್ರಕರಣದ ಸುದ್ದಿ ಎಲ್ಲೆಡೆ ಹಬ್ಬಿದ್ದಾಗ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಎದುರು ಪಕ್ಷದ ಮಾತು ಕೇಳುವ ಮುನ್ನವೇ ಕೊಟ್ಟ ತಾತ್ಕಾಲಿಕ ತಡೆಯಾಜ್ಞೆಯ ವ್ಯಾಪ್ತಿಗೆ 8,842 ಲಿಂಕುಗಳು ಬಂದವು. 4,140 ಯೂಟ್ಯೂಬ್ ವಿಡಿಯೊ, 3,584 ಇನ್‌ಸ್ಟಾಗ್ರಾಂ ಪೋಸ್ಟ್, 932 ಫೇಸ್‌ಬುಕ್ ಪೋಸ್ಟ್, 108 ಸುದ್ದಿ ಬರಹ, 41 ಟ್ವೀಟ್, 37 ರೆಡಿಟ್ ಪೋಸ್ಟ್. ಒಂದೊಂದು ವಿಡಿಯೊ ಐದೇ ನಿಮಿಷದ್ದು ಎಂದುಕೊಂಡರೂ ಯೂಟ್ಯೂಬಿನವನ್ನು ಮಾತ್ರ ನೋಡಿ ಮುಗಿಸಲು ನಿದ್ದೆಯಿಲ್ಲದೆ ಹದಿನಾಲ್ಕು ದಿನ ಬೇಕು. ಆಗಸ್ಟ್ 1ರಂದು ಹೈಕೋರ್ಟು ಒಂದು ಯೂಟ್ಯೂಬ್ ಚಾನೆಲ್ಲಿನ ಮಟ್ಟಿಗೆ ಆ ಆದೇಶವನ್ನು ರದ್ದುಪಡಿಸಿತು. ಪ್ರಕರಣದ ಸತ್ಯಾಸತ್ಯ ನನ್ನ ವಿಷಯವಲ್ಲ. ಆ ಲಿಂಕುಗಳ ಪಟ್ಟಿ ನ್ಯಾಯಾಲಯದ ಕಡತದಲ್ಲಿತ್ತು, ಅದರಿಂದಲೇ ಯಾರೋ ಎಣಿಸಿದರು, ಯಾರೋ ಪ್ರಶ್ನಿಸಿದರು, ಎರಡೇ ವಾರದಲ್ಲಿ ಒಬ್ಬರಿಗಾದರೂ ಪರಿಹಾರ ಸಿಕ್ಕಿತು. ಪಟ್ಟಿ ಬಯಲಲ್ಲಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಇಲ್ಲಿ ನೋಡಬೇಕು.

ಅತ್ತ ವೇಗ ಏರುತ್ತಲೇ ಇದೆ. 2025ರ ಮೇ ತಿಂಗಳಲ್ಲಿ, ಗಡಿಯಲ್ಲಿ ಸಂಘರ್ಷ ನಡೆದಿದ್ದಾಗ, 8,000ಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಯಲು ಆದೇಶ ಬಂದಿದೆ ಎಂದು ಎಕ್ಸ್ ಹೇಳಿತು. ಜುಲೈ 3ರಂದು 2,355 ಖಾತೆಗಳನ್ನು ಒಂದು ಗಂಟೆಯೊಳಗೆ ತಡೆಯಲು ಹೇಳಿದರು, ರಾಯಿಟರ್ಸ್ ಸುದ್ದಿ ಸಂಸ್ಥೆಯ ಖಾತೆಯೂ ಅದರಲ್ಲಿತ್ತು ಎಂದು ಅದೇ ಕಂಪನಿ ತಿಳಿಸಿತು. ರಾಯಿಟರ್ಸ್ ಅನ್ನು ತಡೆಯುವ ಉದ್ದೇಶವಿರಲಿಲ್ಲ ಎಂದು ಸರ್ಕಾರ ಹೇಳಿತು. ಒಂದು ಗಂಟೆಗೆ 2,355 ಎಂದರೆ ಖಾತೆಯೊಂದಕ್ಕೆ ಒಂದೂವರೆ ಸೆಕೆಂಡು. ಆ ಒಂದೂವರೆ ಸೆಕೆಂಡಿನಲ್ಲಿ ಖಾತೆಯ ಹೆಸರನ್ನು ಪೂರ್ತಿ ಓದಲೂ ಆಗುವುದಿಲ್ಲ.

ಈ ಹಾದಿ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಜಮ್ಮು ಕಾಶ್ಮೀರ ಕಂಡಿದೆ. 2019ರ ಆಗಸ್ಟ್‌ನಿಂದ ಇಂಟರ್ನೆಟ್ ಕಡಿದು, 2020ರ ಜನವರಿ ಕೊನೆಯಲ್ಲಿ ಮೊಬೈಲಿಗೆ 2ಜಿ ಕೊಟ್ಟಾಗ ನೋಡಬಹುದಾದ ಜಾಲತಾಣಗಳ ಪಟ್ಟಿ ಕೊಟ್ಟರು. ಅದರಲ್ಲಿ 301 ಹೆಸರಿದ್ದವು. ಲೋಕದಲ್ಲಿ ಆಗಲೇ ನೂರು ಕೋಟಿಗೂ ಹೆಚ್ಚು ಜಾಲತಾಣಗಳಿದ್ದವು. ಮೂವತ್ತು ಲಕ್ಷಕ್ಕೆ ಒಂದರಂತೆಯೂ ಸಿಗಲಿಲ್ಲ. ಕೆಟ್ಟದ್ದನ್ನು ತಡೆಯುವ ಪಟ್ಟಿ ತಲೆಕೆಳಗಾಗಿ, ಅಪ್ಪಣೆ ಇದ್ದದ್ದು ಮಾತ್ರ ಉಳಿಯುವ ಪಟ್ಟಿಯಾಯಿತು. 4ಜಿ ಮರಳುವಷ್ಟರಲ್ಲಿ 2021ರ ಫೆಬ್ರುವರಿ ಬಂದಿತ್ತು.

ಹಾಗಾದರೆ ಯಾವುದನ್ನೂ ತಡೆಯಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ತೆಗೆಯಲೇಬೇಕು. ಹಳ್ಳಿ ಹುಡುಗರನ್ನು ಸಾಲಕ್ಕೆ, ಸಾವಿಗೆ ದೂಡುವ ಸಾಲದ ಆ್ಯಪ್, ಬೆಟ್ಟಿಂಗ್ ಆ್ಯಪ್‌ಗಳ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೆ ಇವನ್ನು ತಡೆಯಲು ಗುಟ್ಟು ಬೇಕಿಲ್ಲ. ಆಸ್ಟ್ರೇಲಿಯಾ ಸರ್ಕಾರ ಇಡೀ ದೇಶಕ್ಕೆ ಕಡ್ಡಾಯ ಸೋಸುವಿಕೆ ತರಲು ಹೊರಟಿತ್ತು, ಕಾರಣ ಮಕ್ಕಳ ರಕ್ಷಣೆ. 2009ರಲ್ಲಿ ಅಲ್ಲಿನ ಗೋಪ್ಯ ಪಟ್ಟಿಯೊಂದು ವಿಕಿಲೀಕ್ಸ್‌ನಲ್ಲಿ ಸೋರಿತು. 2,395 ವಿಳಾಸಗಳ ನಡುವೆ ಕ್ವೀನ್ಸ್‌ಲ್ಯಾಂಡಿನ ಒಬ್ಬ ದಂತವೈದ್ಯರ ಜಾಲತಾಣವೂ ಇತ್ತು. ಜನ ಸುಮ್ಮನಿರಲಿಲ್ಲ, 2012ರಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ನಮ್ಮಲ್ಲೂ 2015ರ ಆಗಸ್ಟ್‌ನಲ್ಲಿ 857 ತಾಣಗಳನ್ನು ಒಮ್ಮೆಗೇ ಮುಚ್ಚಿದ ಆದೇಶ ಬಯಲಾಗಿ, ಜನ ಕೇಳಿದ್ದಕ್ಕೆ ಕೆಲವೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಬಯಲಿಗೆ ಬಂದ ಪಟ್ಟಿಗಳಲ್ಲಿ ತಪ್ಪು ಸಿಕ್ಕಿದೆ, ತಿದ್ದಿಯೂ ಆಗಿದೆ. ಬಯಲಿಗೆ ಬಾರದ ಪಟ್ಟಿಗಳಲ್ಲಿ ತಪ್ಪಿಲ್ಲ ಎಂದು ನಂಬಲು ಒಂದು ಕಾರಣವೂ ಇಲ್ಲ.

ಹೊಣೆ ದೆಹಲಿಯದು ಮಾತ್ರವಲ್ಲ. 2025ರಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುಳ್ಳು ಸುದ್ದಿ ತಡೆಗೆಂದು ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಹೇಳುವ ಕರಡು ಮಸೂದೆ ಸಿದ್ಧಪಡಿಸಿತ್ತು. ಯಾವ ಪಕ್ಷ ಆಳುತ್ತಿದೆ ಎಂಬುದರ ಮೇಲೆ ನಮ್ಮ ವಿರೋಧ ಬದಲಾಗಬಾರದು.

ಕೇಳಬೇಕಾದ್ದು ದೊಡ್ಡದೇನಲ್ಲ. ತಡೆದದ್ದರ ಪಟ್ಟಿ ಮತ್ತು ಕಾರಣ ಪ್ರಕಟವಾಗಲಿ. ಮಕ್ಕಳ ದೌರ್ಜನ್ಯದಂಥ ಪ್ರಕರಣದಲ್ಲಿ ವಿಳಾಸ ಮುಚ್ಚಿಟ್ಟು, ಸ್ವತಂತ್ರ ನ್ಯಾಯಾಧೀಶರಿಗಾದರೂ ತೋರಿಸಲಿ. ಬರೆದವರಿಗೆ ನೋಟಿಸ್ ಹೋಗಲಿ, ತುರ್ತಾಗಿದ್ದರೆ ತಡೆದ ಮೇಲಾದರೂ ಹೋಗಲಿ. ತೆರೆಯದ ಪುಟದ ಮೇಲೆ ಯಾವ ಆದೇಶ, ಯಾವ ದಿನಾಂಕ, ಎಲ್ಲಿ ದೂರಬೇಕು ಎಂಬುದು ಕನ್ನಡದಲ್ಲೂ ಕಾಣಲಿ.

ಪರಶುರಾಂಪುರದಲ್ಲಿ, ಮೊಳಕಾಲ್ಮೂರಿನಲ್ಲಿ, ಇದನ್ನು ಓದುತ್ತಿರುವ ಯಾವುದೇ ಊರಿನಲ್ಲಿ ನೀವು ಹುಡುಕಿದ ಪುಟ ತೆರೆಯದಿದ್ದರೆ ಟವರನ್ನು ಬೈದು ಸುಮ್ಮನಾಗಬೇಡಿ. ಪಕ್ಕದವರ ಬೇರೆ ಕಂಪನಿಯ ಸಿಮ್ಮಿನಲ್ಲಿ ತೆರೆದು ನೋಡಿ. ಅಲ್ಲಿ ತೆರೆದರೆ ಎರಡೂ ಫೋನಿನ ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಬರೆದಿಡಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಈ ವಿಳಾಸಕ್ಕೆ ತಡೆ ಇದೆಯೇ, ಕಾರಣವೇನು ಎಂದು ಕೇಳಿ. ಗೋಪ್ಯತೆಯ ನಿಯಮ ತೋರಿಸಿ ನಿರಾಕರಿಸಿದರೆ ಆ ಉತ್ತರವನ್ನು ಲಗತ್ತಿಸಿ ನಿಮ್ಮ ಸಂಸದರಿಗೆ ಪತ್ರ ಬರೆಯಿರಿ, ಹದಿನಾರನೇ ನಿಯಮ ಯಾಕಿನ್ನೂ ಇದೆ ಎಂದು ಲೋಕಸಭೆಯಲ್ಲಿ ಕೇಳುವಂತೆ ಒತ್ತಾಯಿಸಿ.